ಖರಾಬು

ಇಪ್ಪತ್ತೊಂಬತ್ತು ವರ್ಷ ಪಾಂಡವಪುರದ ಸರ್ವೆ ಆಫೀಸಿನಲ್ಲಿ ಕೂತು
ಟ್ರೇಸಿಂಗ್ ಬಟ್ಟೆಯ ಮೇಲೆ ಈ ಸೀಮೆಯನ್ನೆಲ್ಲ ಬರೆದವಳು ನಾನು.
ಟಿಪ್ಪಣಿ, ಪೋಡಿ, ಹಿಸ್ಸಾ.
ಅಣ್ಣ ತಮ್ಮಂದಿರ ನಡುವಿನ ಗೆರೆ
ನನ್ನ ನಿಬ್ಬಿನಷ್ಟೇ ದಪ್ಪ.

ಕುಂತಿಬೆಟ್ಟವನ್ನೂ ಬರೆದಿದ್ದೇನೆ.
ಅದು ಸುಲಭ. ಸುತ್ತ ಒಂದು ಗೆರೆ ಎಳೆದು
ಒಳಗೆ ‘ಖರಾಬು’ ಅಂತ ಬರೆದರಾಯಿತು.
ಕಂದಾಯವಿಲ್ಲ, ತಕರಾರಿಲ್ಲ,
ಊಟದ ಬೆಲ್ಲಿಗೆ ಮುಂಚೆ ಮುಗಿಯುವ ಹಾಳೆ.

ಹತ್ತಿದ್ದು ಮಾತ್ರ ಮೊನ್ನೆ,
ರಿಟೈರಾಗಲು ಹನ್ನೊಂದು ದಿನ ಇರುವಾಗ.
ಮುಂದೆ ಚೈನ್‌ಮನ್ ಜವರಯ್ಯ, ಕೈಯಲ್ಲೊಂದು ಕೊಡೆ;
ಹಿಂದೆ ನಾನು, ಮಂಡಿಗೆ ಪಟ್ಟಿ, ಚೀಲದಲ್ಲಿ ಸೌತೆಕಾಯಿ.
ಬಂಡೆ ಕಡಿದಾದಲ್ಲಿ ಕೊಡೆಯ ಹಿಡಿ ಚಾಚುತ್ತಾನೆ:
“ಹಿಡ್ಕಳಿ ಅಮ್ಮಾರೆ, ಈ ಬೆಟ್ಟವ ನಾನೇ ಅಳ್ದಿದ್ದು.
ಕೆಳಗ್ನಿಂದ.”

ಆಮೇಲೆ ಗಾಳಿ.
ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಚಿಗೆ ಬಂದೆ.

ತೊಣ್ಣೂರು ಕೆರೆ ಇಷ್ಟು ನೀಲಿ ಅಂತ
ಯಾವ ನಕ್ಷೆಯೂ ನನಗೆ ಹೇಳಿರಲಿಲ್ಲ;
ನಾವು ನೀರಿಗೆ ಹಾಕುವುದೇ ಬೇರೆ, ಸರ್ಕಾರದ ಶಾಯಿ.
ಗದ್ದೆಗಳ ನಡುವೆ ನಾಲೆ ತನ್ನ ಪಾಡಿಗೆ ತಿರುಗಿದೆ,
ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸಿದಂತೆ.
ನಾಟಿಯಾದದ್ದು ಒಂದು ಹಸುರು, ಕಬ್ಬು ಇನ್ನೊಂದು,
ಕಟಾವಾದಲ್ಲಿ ಬರೀ ಕೂಳೆಯ ಕಂದು.
ಬದು? ಬಾಂದುಕಲ್ಲು?
ಕಣ್ಣು ಕಿರಿದು ಮಾಡಿ ಹುಡುಕಿದೆ.
ಎಂಟು ವರ್ಷ ಕೋರ್ಟಿಗೆ ಅಲೆದ
ಆ ಒಂದೂವರೆ ಗುಂಟೆ ಎಲ್ಲಿ, ಜವರಯ್ಯ?

ಅವನು ಕೊಡೆಯ ತುದಿ ದಕ್ಷಿಣಕ್ಕೆ ಎತ್ತಿದ,
ಚೂರು ಬಲಕ್ಕೆ ತಂದ,
ಮತ್ತೆ ಎಡಕ್ಕೆ.
“ಅಲ್ಲೇ ಎಲ್ಲೋ ಅದೆ.”

ಅಷ್ಟರಲ್ಲಿ ನಮಗಿಂತ ಕೆಳಗೆ, ಹೌದು, ಕೆಳಗೆ,
ಒಂದು ಹದ್ದು ತೇಲಿ ಬಂತು.
ಹದ್ದಿನ ಬೆನ್ನನ್ನು ಅದುವರೆಗೆ ನೋಡಿರಲಿಲ್ಲ ನಾನು.
ರೆಕ್ಕೆ ಬಡಿಯದೆಯೇ ಏಳೆಂಟು ಸರ್ವೆ ನಂಬರು ದಾಟಿ
ನಾಲೆಯಾಚೆ ಹೋಯಿತು.
“ನೋಡಿ, ಹದ್ದು ಸಿಕ್ತು” ಅಂದ ಜವರಯ್ಯ, ನಗದೆ.
ಹದ್ದುಬಸ್ತಿಗೆ ಅರ್ಜಿ ಹಿಡಿದು ಕಿಟಕಿಯಲ್ಲಿ ನಿಂತವರ
ಬೆವರಿದ ಮುಖಗಳೆಲ್ಲ ನೆನಪಾಗಿ
ನಾನೂ ನಗಲಿಲ್ಲ, ಮೊದಲಿಗೆ.

ಬಂಡೆ ಬೆಚ್ಚಗಿತ್ತು. ಚಪ್ಪಲಿ ಬಿಟ್ಟು ಕೂತೆ.
ಇದರ ಮೇಲೆ ಆ ಮೂರಕ್ಷರ ಬರೆದ ಕೈ
ಸುಮ್ಮನೆ ಅದರ ಮೇಲೆಯೇ ಊರಿಕೊಂಡಿತ್ತು.

ಸೌತೆಕಾಯಿ ಮುರಿದೆವು. ಉಪ್ಪು ಮರೆತಿತ್ತು.
ಎರಡು ತುಂಡು ಸಮ ಆಗಲಿಲ್ಲ;
ದೊಡ್ಡದನ್ನು ಜವರಯ್ಯನೇ ತಗೊಂಡ.