ತಲೆಕಟ್ಟು

ಮೊದಲು ಹೊಲಿದದ್ದು ದಿಂಬಿನ ಗವಸು.
ಎರಡು ಮೂಲೆ ಚೂಪು, ಎರಡು ಮೊಂಡು.
ಅವ್ವ ಅದರೊಳಗೆ ಹಳೆ ಸೀರೆ ತುರುಕಿ
ಮಲಗಿದಳು, ಏನೂ ಅನ್ನಲಿಲ್ಲ.
ಬೆಳಿಗ್ಗೆ ಅವಳ ಕೆನ್ನೆಯ ಮೇಲೆ
ನನ್ನ ಸೊಟ್ಟ ಹೊಲಿಗೆಯ ಗೆರೆ ಇತ್ತು.

ಆಮೇಲೆ ಓಣಿಯವರ ರವಿಕೆ, ಕಾಜಾ, ಹುಕ್ಕು,
ಸೀರೆಗೆ ಫಾಲು. ಸುಂಕಮ್ಮನ ಮಗಳ ಲಂಗದ
ಮಡಿಕೆ ವರ್ಷಕ್ಕೊಂದು ಬಿಚ್ಚುತ್ತ
ಅವಳು ಬೆಳೆದದ್ದನ್ನು ಅವಳಪ್ಪನಿಗಿಂತ ಮೊದಲು ತಿಳಿದವಳು ನಾನು.

ರಾಯದುರ್ಗಕ್ಕೆ ಜೀನ್ಸು ಬಂತು.
ಮನೆಮನೆಯ ಬಾಗಿಲಿಗೆ ಕಟ್ಟು ಬಿತ್ತು:
ಒಬ್ಬರ ಮನೆಯಲ್ಲಿ ಕಾಲು, ಒಬ್ಬರಲ್ಲಿ ಸೊಂಟಪಟ್ಟಿ,
ನನ್ನ ಪಾಲಿಗೆ ಜೇಬು.
ಹಿಂದಿನ ಜೇಬು. ಅದೂ ಎಡಗಡೆಯದು.
ಹನ್ನೊಂದು ವರ್ಷ.
ಎಷ್ಟು ಗಂಡಸರು ಕೂತಿದ್ದಾರೋ ನನ್ನ ಹೊಲಿಗೆಯ ಮೇಲೆ
ಬಸ್ಸಿನಲ್ಲಿ, ಕಟ್ಟೆಯಲ್ಲಿ, ಯಾವ್ಯಾವ ಊರಿನಲ್ಲಿ.

ಶನಿವಾರ ಎರ್ರಿಸ್ವಾಮಿ ಜೇಬು ಎಣಿಸಿ ದುಡ್ಡು ಕೊಡುತ್ತಿದ್ದ.
ಚಿಂದಿ ಎಣಿಸುತ್ತಿರಲಿಲ್ಲ.

ಆ ಚಿಂದಿಯಲ್ಲಿ ಎಷ್ಟು ನೀಲಿ!
ನೀರು ಕಾಣದ್ದು, ಕಪ್ಪಿನ ತಮ್ಮ.
ಒಮ್ಮೆ ಒಗೆದದ್ದು. ಕಲ್ಲು ಹಾಕಿ ತಿರುವಿದ್ದು.
ಮೊಣಕಾಲ ಹತ್ತಿರ ಬೇಕಂತಲೇ ಸವೆಸಿದ್ದು,
ಬೂದಿಯಂಥದು, ನೀರು ಬೆರೆತ ಹಾಲಿನಂಥದು.
ಒಲೆಗೆ ಹಾಕಿದರೆ ಹೊಗೆ ಗಂಟಲು ಹಿಡಿಯುತ್ತದೆ,
ಅದಕ್ಕೇ ಚೀಲದಲ್ಲಿ ತುಂಬಿಟ್ಟೆ. ಅಷ್ಟೇ.
ಕಲೆಗಿಲೆ ತಲೆಯಲ್ಲಿರಲಿಲ್ಲ.

ಕರೆಂಟು ಹೋದ ಒಂದು ಮಧ್ಯಾಹ್ನ
ಮಿಷನ್ನು ನಿಂತರೂ ಕೈ ನಿಲ್ಲದೆ
ಮಸುಕು ತುಂಡಿನ ಮೇಲೆ ಗಾಢ ತುಂಡು ಇಟ್ಟೆ.
ಗುಡ್ಡವಾಯಿತು.
ಬಾಗಿಲಾಚೆ ನೋಡಿದರೆ ಅದೇ ಗುಡ್ಡ, ಕೋಟೆಗೋಡೆ ಸಮೇತ
ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿತ್ತು.
ಗೋಡೆಗೆ ಪ್ಯಾಂಟಿನ ದಪ್ಪ ಹಳದಿ ದಾರ ಹೊಂದಿತು.
ಮೋಡಕ್ಕೆ ಜೇಬಿನ ಒಳಬಟ್ಟೆ.

ಗಂಡ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ:
"ಹೊದ್ಕಣಾಕೆ ಆಗಲ್ಲ, ಉಟ್ಕಣಾಕೆ ಆಗಲ್ಲ,
ಹಾಸಾಕೂ ಸಾಲಲ್ಲ. ಮತ್ತೆ ಇದೇನು?"
ನನಗೂ ಗೊತ್ತಿರಲಿಲ್ಲ.
"ಒಂದು ಮೊಳೆ ಹೊಡಿ" ಅಂದೆ.

ರವಿಕೆ ಅಳತೆಗೆ ಬಂದ ಆಸ್ಪತ್ರೆಯ ನರ್ಸು ರಹಮತ್‌ಬಿ
ಅಳತೆ ಮರೆತು ಗೋಡೆಯ ಮುಂದೆ ನಿಂತು ಕೇಳಿದಳು:
"ಮೋಡ ಐತೆ. ಮಳೆ ಯಾಕಿಲ್ಲ?"

ಮಳೆ ಹೊಲಿಯುವುದು ಹೇಗೆ?
ಬಿಳಿ ದಾರ ಓಡಿಸಿದೆ, ಬೇಲಿಯ ತಂತಿ ಆಯಿತು. ಬಿಚ್ಚಿದೆ.
ಮತ್ತೆ ಹಾಕಿದೆ, ಬಾಚಣಿಗೆ ಆಯಿತು. ಬಿಚ್ಚಿದೆ.
ಎರಡು ತಿಂಗಳಾದ ಮೇಲೆ ಅರಿದ ಅಂಚಿನಲ್ಲಿ ಕಂಡದ್ದು:
ಈ ಬಟ್ಟೆಯ ಹಾಸು ನೀಲಿ, ಹೊಕ್ಕು ಬಿಳಿ.
ಸೂಜಿಯ ತುದಿಯಿಂದ ನೀಲಿಯನ್ನು ಒಂದೊಂದೇ ಎಳೆದರೆ
ಬಿಳಿ ತಾನಾಗಿ ಜೋಲುತ್ತದೆ,
ಫ್ಯಾನಿನ ಗಾಳಿಗೆ ಓರೆಯಾಗಿ ಹುಯ್ಯುತ್ತದೆ.
ಮಳೆ ಇಷ್ಟು ದಿನ ಜೇಬಿನೊಳಗೇ ಇತ್ತು.

ಅನಂತಪುರದ ಪ್ರದರ್ಶನದವರು
"ಮೂಲೆಯಲ್ಲಿ ಹೆಸರಿರಲಿ" ಅಂದರು.
ಯಾರದೋ ಇಂಗ್ಲಿಷ್ ಹೆಸರಿನ ಪಟ್ಟಿಯನ್ನು
ಜೇಬಿನ ಮೇಲೆ ಕೂರಿಸಿದ ಕೈ ತಡವರಿಸಿತು.
ನನಗಿರುವುದು ನಾಲ್ಕನೇ ಕ್ಲಾಸಿನ ಕನ್ನಡ.
ಸೀಮೆಸುಣ್ಣದಲ್ಲಿ ಬರೆದುಕೊಂಡೆ: ಹೊನ್ನೂರಮ್ಮ.

ತೆಲುಗು ಶಾಲೆಯ ಮಗಳು ಶಶಿರೇಖಾ
ತಡೆಯದೆ ಓದಿಬಿಟ್ಟಳು.
"ನ, ರ, ಮ ಎಲ್ಲಾ ಅವೇ. ತಲೆಕಟ್ಟು ಮಾತ್ರ ಬೇರೆ.
ನಮ್ಮಲ್ಲಿ ಗೀರು, ನಿಮ್ಮಲ್ಲಿ ಕೊಕ್ಕೆ."
ನಮ್ಮಲ್ಲಿ, ನಿಮ್ಮಲ್ಲಿ ಅಂದಳು
ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು!
ಅವಳ ಫ್ರಾಕಿನ ತೋಳು ಹಿಡಿದು ಹತ್ತಿರ ಎಳೆದು
ಸೂಜಿಗೆ ದಾರ ಪೋಣಿಸಿಕೊಡು ಅಂದೆ. ಕಣ್ಣು ಮೊದಲಿನಂತಿಲ್ಲ.

ಗೀರಾದರೆ ಎರಡೇ ಕುತ್ತು.
ಕೊಕ್ಕೆಗೆ ನಾಲ್ಕು ಬೇಕು, ಸಣ್ಣವು.
ನಾಲ್ಕೂ ಹಾಕಿದೆ.

ಕೊನೆಯಕ್ಷರ ಮಳೆಗೆ ತೀರಾ ಹತ್ತಿರವಾಗಿ
ಎರಡು ಬಿಳಿ ಎಳೆ ಅದರ ಮೇಲೆ ಬಿದ್ದಿವೆ.
ಕತ್ತರಿಸೋಣವೆಂದುಕೊಂಡೆ, ಆಗಲಿಲ್ಲ,
ಸುಂಕಮ್ಮ ಮೊಮ್ಮಗಳನ್ನು ಕರಕೊಂಡು ಬಂದಳು, ಲಂಗಕ್ಕೆ.
ಮಡಿಕೆ ಜಾಸ್ತಿ ಇಡಬೇಕು.
ಉದ್ದ ಬೆಳೆಯುವ ವಂಶ ಅವರದು.