ಸಪಾಟು ರಸ್ತೆ

ಕೋಡಿಬಾಗದಲ್ಲಿ ಬೆಳಗಿನ ನಾಲ್ಕೂವರೆ.
ಮುಂದಿನ ಚಕ್ರಕ್ಕೆ ಇನ್ನೆರಡು ಪಂಪು ಗಾಳಿ,
ಜೇಬಿನಲ್ಲಿ ಬೆಲ್ಲ ಕಲಸಿದ ಅವಲಕ್ಕಿ, ಉಪ್ಪಿನ ಪೊಟ್ಟಣ,
ಒಂದು ಬಾಟಲಿ ನೀರು, ಒಂದು ಬಾಟಲಿ ಕೋಕಂ.
ಐಸ್ ಫ್ಯಾಕ್ಟರಿಯ ಲೆಕ್ಕದ ಪುಸ್ತಕಕ್ಕೆ ಇವತ್ತು ರಜೆ.
ಮಗಳು ನಿದ್ದೆಗಣ್ಣಲ್ಲೇ ಕೇಳಿದಳು:
ಸುತ್ತಿ ಸುತ್ತಿ ಇಲ್ಲಿಗೇ ಬರುವುದಾದರೆ
ಹೋಗುವುದೇಕೆ, ಆಯೀ?
ಬ್ರೇಕಿನ ತಂತಿ ಬಿಗಿ ಮಾಡುತ್ತಿದ್ದೆ. ಉತ್ತರ ಹೊಳೆಯಲಿಲ್ಲ.

ಕಡವಾಡ, ಕಿನ್ನರ, ಸಿದ್ದರ, ಕೆರವಡಿ.
ಕಾಳಿಯ ತೋಳು ಹಿಡಿದು ನಡೆವ ರಸ್ತೆ.
ಇಲ್ಲಿ ಹೊಳೆಗೂ ಡಾಂಬರಿಗೂ ಜಗಳವಿಲ್ಲ,
ಕಾಲು ತಾನಾಗಿ ತಿರುಗುತ್ತದೆ,
ಮಾತು ಮರೆತವರ ಕೈಯ ಜಪಮಣಿಯಂತೆ.

ಕದ್ರಾದ ಹಿನ್ನೀರಿನ ಮೇಲೆ, ತಿರುವಿನಲ್ಲಿ,
ಮಾಳೂ ವೇಳಿಪನ ಚಹದಂಗಡಿ.
ನನ್ನ ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.
‘ಇಷ್ಟು ಹಗುರ! ಇದಕ್ಕೂ ಏದುಸಿರೇ?’
ಆಮೇಲೆ ಲೋಟ ಹಿಡಿದ ಕೈಯನ್ನೇ ನೀರಿನ ಕಡೆ ಚಾಚಿ:
‘ಮೊದಲು ರಸ್ತೆ ಅಲ್ಲಿತ್ತು. ಸಪಾಟು.
ಹಿಂದೆರಡು ಹಲಸಿನ ಹಣ್ಣು ಕಟ್ಟಿಕೊಂಡು ನಮ್ಮಪ್ಪ
ಹಚ್ಚಿದ ಬೀಡಿ ಆರದ ಹಾಗೆ ತುಳಿಯುತ್ತಿದ್ದ.
ನೀರು ಬಂತು.
ಸಪಾಟು ಇದ್ದದ್ದನ್ನೆಲ್ಲ ಅದು ಇಟ್ಟುಕೊಂಡಿತು.
ಉಳಿದದ್ದು ನೋಡಿ, ಏರು.’
ನಕ್ಕ. ನಾನೂ ನಗಬೇಕಿತ್ತೇನೋ.

ಕೈಗಾ ದಾಟಿದ ಮೇಲೆ ಘಟ್ಟ.
ಮೊದಲ ತಿರುವಿಗೆ ಎಣಿಕೆ ಇತ್ತು,
ಏಳನೆಯದಕ್ಕೆ ಸಂಶಯ ಬಂತು,
ಹನ್ನೊಂದೋ ಹನ್ನೆರಡೋ ಆದಮೇಲೆ ಬಿಟ್ಟೆ.
ಮೂವತ್ತೆರಡು ಹಲ್ಲಿನ ಕಡೇ ಗೇರು.
ಇದರಾಚೆ ಗೇರಿಲ್ಲ, ನಾನಷ್ಟೇ.
ಮೂಗಿನ ತುದಿಯ ಬೆವರು ಹ್ಯಾಂಡಲ್ಲಿಗೆ ಬಿದ್ದು
ಅಲ್ಲಿಂದ ನಿಧಾನ ರಸ್ತೆಗೆ.
ಯಲ್ಲಾಪುರದ ಬಸ್ಸಿನ ಕಂಡಕ್ಟರ್
ಬಾಗಿಲಿಗೆ ಜೋತು ಕೂಗಿದ:
‘ಹತ್ತಿ ಅಕ್ಕಾ, ಸೈಕಲ್ಲಿಗೆ ಅರ್ಧ ಟಿಕೆಟು!’
ಹೊಗೆಯಷ್ಟೇ ಉಳಿಯಿತು, ಅದರೊಳಗೆ
ಒಂದು ಮುಸುವ, ಬಾಲ ಇಳಿಬಿಟ್ಟು,
ನ್ಯಾಯಾಧೀಶನ ಹಾಗೆ.

ಚೈನು ಕಳಚಿತು. ಇಳಿದೆ.
ಇಳಿದವಳು ಮತ್ತೆ ಹತ್ತಲಿಲ್ಲ; ನೂರು ಹೆಜ್ಜೆ ತಳ್ಳಿಕೊಂಡೇ ನಡೆದೆ.
ಇದನ್ನು ಯಾರಿಗೂ ಹೇಳುವುದಿಲ್ಲ ಅಂದುಕೊಂಡಿದ್ದೆ.

ಮೇಲೆ, ಮತ್ತಿ ಮರಗಳ ಸಂದಿಯಲ್ಲಿ, ನೀರು.
ಕೊಡಸಳ್ಳಿಯದೋ, ಕದ್ರಾದ್ದೇ ಇನ್ನೊಂದು ಬೆರಳೋ, ತಿಳಿಯಲಿಲ್ಲ.
ಅಲೆಯಿಲ್ಲ, ದೋಣಿಯಿಲ್ಲ,
ಇಸ್ತ್ರಿ ಮಾಡಿ ಬೆಟ್ಟಗಳ ನಡುವೆ ಮಡಿಸಿಟ್ಟ ಹಾಗೆ.
ಚೆಂದ ಎಂಬ ಮಾತು ತುಟಿಗೆ ಬಂದು
ಲೋಟ ಹಿಡಿದ ಆ ಕೈ ನೆನಪಾಗಿ ನಿಂತಿತು.
ಇದೇ ನೀರು ಕೊಳವೆಯಲ್ಲಿ ಇಳಿದು, ತಂತಿ ಹತ್ತಿ,
ನಮ್ಮ ಫ್ಯಾಕ್ಟರಿಗೆ ಬಂದು, ನಲ್ಲಿಯ ನೀರನ್ನು
ರಾತ್ರಿಯೆಲ್ಲ ಹಿಡಿದು ಗಟ್ಟಿ ಮಾಡುತ್ತದೆ.
ಬಂಗಡೆಯ ಕಣ್ಣು ಮೂರು ದಿನ ಮಂಜಾಗದಂತೆ ಕಾಯುತ್ತದೆ.
ಅದರ ಬಿಲ್ಲನ್ನು ಪ್ರತಿ ತಿಂಗಳೂ ಖರ್ಚಿಗೆ ಬರೆಯುವವಳು ನಾನು.
ಅಲ್ಲಿ ಮುಳುಗಿದ ರಸ್ತೆಗೆ ಕಲಮು ಇಲ್ಲ.

ಯಲ್ಲಾಪುರದಲ್ಲಿ ಉಂಡೆ. ಆಮೇಲೆ ಅರಬೈಲು ಘಟ್ಟ:
ಟ್ಯಾಂಕರುಗಳ ಸುಟ್ಟ ಬ್ರೇಕಿನ ವಾಸನೆ,
ಮರಗಟ್ಟಿದ ಬೆರಳು, ಕಿವಿಯೊಳಗೆ ಹರಿದ ಬಟ್ಟೆಯ ಸದ್ದು.
ಮೂರು ತಾಸು ಕೂಡಿಟ್ಟ ಎತ್ತರವನ್ನು
ಬಂದರಿನ ಕುಡುಕನಂತೆ ಒಂದೇ ಸಲಕ್ಕೆ ಉಡಾಯಿಸಿದೆ.
ಅಂಕೋಲೆಯಲ್ಲಿ ಪಡುಗಾಳಿ ಎದೆಗೇ ಒದೆಯಿತು.
ಬಿಣಗಾದ ಹಳೇ ಏರು ಪುಟ್ಟದು,
ಆದರೆ ಕೊನೆಯಲ್ಲಿ ಬರುವ ಪುಟ್ಟದ್ದು
ಪುಟ್ಟದಾಗಿರುವುದಿಲ್ಲ.

ಮನೆ. ಹ್ಯಾಂಡಲ್ಲಿನ ಮೀಟರು ತೋರಿಸಿತು:
ಏರಿದ್ದು ಇಷ್ಟು, ಇಳಿದದ್ದು ಅಷ್ಟೇ.
ಜಮಾ ಖರ್ಚು ಸರಿ, ಶಿಲ್ಕು ಸೊನ್ನೆ.
ಮಗಳು ಮೀಟರು ನೋಡಿ, ನನ್ನ ನೋಡಿ, ಸುಮ್ಮನೆ
ಬಿಸಿನೀರಿಗೆ ಉಪ್ಪು ಹಾಕಿ ಕಾಲ ಬಳಿ ತಂದಿಟ್ಟಳು.

ದೀಪ ಆರಿಸಲು ಕೈ ಎತ್ತಿದಾಗ ನೆನಪಾಯಿತು:
ಮಾಳೂ ವೇಳಿಪನಿಗೆ ಚಹದ ದುಡ್ಡು
ಕೊಟ್ಟೇ ಇಲ್ಲ.