ಬೊಟ್ಟು ಇಡುವ ಕೆಲಸ

ಮೊಳೆ ಜೋಡಿಸಿಯೇ ಲಗ್ನಪತ್ರಿಕೆ ಅಚ್ಚಾಗಬೇಕೆಂದು
ಹಟ ಹಿಡಿದವಳು ನಾನೇ.
ಗದಗಿನ ಗಲ್ಲಿಯೊಂದರಲ್ಲಿ
ಆರು ವರ್ಷ ಮುಚ್ಚಿದ್ದ ಪ್ರೆಸ್ಸಿನ ಕದ ತೆಗೆಸಿ
ಶಕುಂತಲಾಳ ಸೋದರಮಾವ ಚನ್ನವೀರಪ್ಪ
ತುಳಿಯುವ ಮಷಿನ್ನಿಗೆ ಎಣ್ಣೆ ಕುಡಿಸಿದರು,
ಜೇಡರ ಬಲೆ ಸರಿಸಿ, ಖಾನೆ ಖಾನೆಗೂ ಬೆರಳಾಡಿಸಿ
ನನ್ನ ಹೆಸರನ್ನು ತಿರುವುಮುರುವಾಗಿ ಕಟ್ಟಿದರು.

'ಜ್ಯೇಷ್ಠ ಪುತ್ರಿ'ಯ ಒತ್ತು ಸಿಕ್ಕಿತು,
ಆಮಂತ್ರಣದ ಣ, ಅಂಚು ಮುರಿದದ್ದಾದರೂ, ಸಿಕ್ಕಿತು.
ವರನ ಹೆಸರಿಗೆ ಬಂದು ಕೈ ನಿಂತಿತು.
"ನೀಲಕಂಠಗ ಠ ಇಲ್ಲ ನೋಡವಾ.
ಹುಡುಗನ್ನ ಬದಲಿ ಮಾಡ್ತೀಯೋ, ಹೆಸರು ಬದಲಿ ಮಾಡ್ತೀಯೋ?"
ನಕ್ಕು, ಆ ಜಾಗಕ್ಕೊಂದು ರ ಕೂಡಿಸಿ,
"ನಡುವ ಒಂದೊಂದು ಬೊಟ್ಟು ನೀವ ಇಟ್ಟುಕೋರಿ" ಎಂದು
ನಾನೂರು ಕಾರ್ಡು ತುಳಿದು ಕೊಟ್ಟರು.

ನೀಲಕಂರ, ನೀಲಕಂರ ಎಂದು ತಂಗಿ
ಟಂಟಂ ಬೆಟಗೇರಿ ಮುಟ್ಟುವತನಕ ಓದಿದಳು.

ರಾತ್ರಿ ಪಡಸಾಲೆ ತುಂಬ ಮಂದಿ.
ಅತ್ತ ಅತ್ತೆಯರು ಪರಡಿ ತಿರುವುತ್ತ, ಗುಳಗಿ ಹೊಸೆಯುತ್ತ,
ಸೋಬಾನದ ಎರಡನೆಯ ಸಾಲು ಯಾವುದೆಂದು ಜಗಳಾಡುತ್ತ;
ಇತ್ತ ಕಾರ್ಡುಗಳ ಗುಡ್ಡೆ, ಹಿಟ್ಟು ಹತ್ತೀತು ಎಂದು ನನ್ನ ಬೈಗುಳ.
ಹಾವೇರಿಯ ಏಲಕ್ಕಿ ಹಾರವೇ ಬೇಕೆಂದು ಹೋದ ಕಾಕ
ಬೆಲೆ ಕೇಳಿ, ಬರೀ ಏಲಕ್ಕಿ ತಂದಿದ್ದ, ನಾವೇ ಪೋಣಿಸೋಣವೆಂದು.
ಪೋಣಿಸಿದ್ದು ಒಂದು ಗೇಣು.
ಉಳಿದದ್ದು ಚಹಕ್ಕೆ.

ಬೊಟ್ಟೆಲ್ಲ ಒಂದೇ ಅನ್ನಬೇಡಿ.
ಬಳೆ ಅಂಗಡಿಯ ರುಕ್ಸಾನಾ ಇಟ್ಟದ್ದು ಸಾಸಿವೆಯಷ್ಟು.
ಶಕುಂತಲಾಳದು ಗಂಟಿನಂತೆ ಬಿಗಿ;
ನನ್ನ ಕುಬಸದ ಕಸೂತಿ ಗೋಪುರ ಅರ್ಧಕ್ಕೆ ಬಿಟ್ಟು
ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಂದಿದ್ದಳು.
ಅಂಚೆಯ ಈರಣ್ಣ ಠಸ್ಸೆ ಹೊಡೆದಂತೆ ಕುಟ್ಟಿ
ಎರಡು ಪೆನ್ನಿನ ಮೂಗು ಮುರಿದ.
ಅವ್ವ ಮೂರು ಇಟ್ಟಳು, ಮೂರೂ ಗೆರೆಯ ಹೊರಗೆ,
"ಇದಕ್ಕಿಂತ ಹೋಳಿಗಿ ಸಸಾರ" ಎಂದು ಎದ್ದಳು.

ಅಪ್ಪ ಮಗ್ಗದ ಕುಣಿಯಿಂದ ನೋಡುತ್ತಿದ್ದ.
ಮಗ್ಗದ ಮೇಲೆ ನನ್ನ ಲಗ್ನದ ಸೀರೆ, ಇನ್ನೂ ಸೆರಗು ಬಾಕಿ.
ಪಾಸ್‌ಬುಕ್ಕಿಗೆ ಹೆಬ್ಬೆಟ್ಟು ಒತ್ತುವವ,
ಪೆನ್ನು ಕಂಡರೆ ಕೈಯನ್ನು ಧೋತರದಲ್ಲಿ ಮುಚ್ಚುವವ,
"ಬೊಟ್ಟಷ್ಟ ಏನು?" ಎಂದ.
"ಬೊಟ್ಟಷ್ಟ."
ಮೇಲೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು,
ಪೆನ್ನು ಒಲ್ಲೆನೆಂದು ಕಂಡಿಕೆಯ ಕಡ್ಡಿಯನ್ನು ಶಾಯಿಗೆ ಅದ್ದಿದ.
ಹಾಸಿನಲ್ಲಿ ಹರಿದ ಎಳೆ ಹುಡುಕುವ ಕಣ್ಣು.
ನೂರಾ ಎಂಬತ್ತು ಬೊಟ್ಟು, ಒಂದೂ ಆಚೀಚೆ ಇಲ್ಲ.
ಯಾರೂ ಏನೂ ಅನ್ನಲಿಲ್ಲ. ಸೋಬಾನದ ಜಗಳವೂ ನಿಂತಿತ್ತು.
ಕಡೆಗೆ, ತಲೆ ಎತ್ತದೆ: "ಇದಕ್ಕ ಏನಂತಾರ?"
"ಠ" ಅಂದೆ.
"ಠ" ಅಂದ,
ನಾಲಿಗೆಯ ಮೇಲೆ ಉಪ್ಪು ನೋಡಿದಂತೆ.

ಕೆಲವು ಬೊಟ್ಟಿಲ್ಲದೆಯೇ ಹೋಗಿದ್ದವು.
ಹಾನಗಲ್ಲಿನ ದೊಡ್ಡವ್ವ ಫೋನು ಮಾಡಿ
"ನೀಲಕಂರ ಅಂದ್ರ ಯಾ ಊರ ಕಡೆ ಹೆಸರು?" ಎಂದು ಕೇಳಿದಳು.

ಕಾರ್ಡು ಹಂಚಲು ಹೊರಟ ದಿನ
ಸ್ಕೂಟಿಯ ಹಿಂದೆ ಅಪ್ಪ, ತೊಡೆಯ ಮೇಲೆ ಚೀಲ.
ಟಾಂಗಾಕೂಟದ ಗದ್ದಲದಲ್ಲಿ ಒಮ್ಮೆಲೆ ಭುಜ ತಟ್ಟಿ
ಗಾಡಿ ನಿಲ್ಲಿಸಿದ. ಏನಾಯಿತೋ ಎಂದು ತಿರುಗಿದರೆ
ಮಿಠಾಯಿ ಅಂಗಡಿಯ ಬೋರ್ಡಿನತ್ತ ಬೆರಳು:
"ಅಲ್ನೋಡು, ನಮ್ಮ ಅಳಿಯಾನ ಠ."

ಇಳಿದು, ಗುರುತಿಲ್ಲದ ಆ ಅಂಗಡಿಯವನಿಗೂ
ಒಂದು ಕಾರ್ಡು ಕೊಟ್ಟು ಬಂದೆವು.